ಕಾಳಿನ ಸುತೈತಾ ಶಪಿಸಿದ ಸುಲ್ತಾನ

ನಮ್ಮ ಕೈರೋದಲ್ಲಿ ಸಿಂಹಾಸನ ಏರಬೇಕೆಂದರೆ ಮೊದಲು ಸಂತೆಯಲ್ಲಿ ಮಾರಾಟವಾಗಿರಬೇಕು. ತಮಾಷೆಗೆ ಹೇಳುತ್ತಿಲ್ಲ. ಉತ್ತರದ ಚರ್ಕಸ್ ಬೆಟ್ಟಗಳಿಂದ ಹುಡುಗರನ್ನು ಕೊಂಡು ತರುತ್ತಾರೆ, ಕೋಟೆಯೊಳಗಿಟ್ಟು ನಮಾಜು ಕಲಿಸುತ್ತಾರೆ, ಕುದುರೆ ಸವಾರಿ ಕಲಿಸುತ್ತಾರೆ, ಮೀಸೆ ಮೂಡಿದ ಮೇಲೆ ಗುಲಾಮಗಿರಿಯಿಂದ ಬಿಡಿಸಿ ಸೊಂಟಕ್ಕೆ ಕತ್ತಿ ಕಟ್ಟುತ್ತಾರೆ. ಅಂಥವರಲ್ಲೊಬ್ಬ ಅಮೀರ, ಅಂದರೆ ಸವಾರರ ಸರದಾರನಾಗುತ್ತಾನೆ, ಅಮೀರರಲ್ಲೊಬ್ಬ ಸುಲ್ತಾನನಾಗುತ್ತಾನೆ. ಅವನ ಸ್ವಂತ ಮಗನ ಗತಿ? ಅವನು ಇಲ್ಲೇ ಹುಟ್ಟಿದವನು, ಯಾರೂ ಅವನನ್ನು ಕೊಂಡಿಲ್ಲ, ಆದ್ದರಿಂದ ಅವನಿಗೆ ಏನೂ ಇಲ್ಲ. ಸುಲ್ತಾನನ ಮಗನನ್ನು ಒಮ್ಮೊಮ್ಮೆ ನಾಲ್ಕು ದಿನ ಕೂರಿಸಿ ಕೆಳಗಿಳಿಸುತ್ತಾರೆ, ಅಷ್ಟೇ. ನಾನು ಹಮ್ಮಾಮಿನ ಸ್ನಾನದ ಮನೆಯಲ್ಲಿ ಹೆಂಗಸರ ಬೆನ್ನುಜ್ಜಿ ಹೊಟ್ಟೆ ಹೊರೆಯುವವಳು, ಕೋಟೆಯ ವ್ಯವಹಾರ ಕಟ್ಟಿಕೊಂಡು ನನಗೇನಾಗಬೇಕು? ಆದರೆ ಈ ಒಂದು ಕಟ್ಟಳೆ ನಮ್ಮ ಸುತೈತಾಳ ಬಾಳನ್ನು ಹೇಗೆ ನುಂಗಿತು ಅನ್ನುವುದನ್ನು ಹೇಳದೆ ಹೋದರೆ ನನಗೆ ನಿದ್ದೆ ಹತ್ತುವುದಿಲ್ಲ.

ಸುತೈತಾ ನಮ್ಮ ಓಣಿಯಲ್ಲಿ ಕಾಳು ಮಾರುವವಳು. ಹಮ್ಮಾಮಿನ ನೀರು ಕಾಯಿಸುವ ಒಲೆಯ ಬಿಸಿ ಬೂದಿಯಲ್ಲಿ ಸಂಜೆ ಗಡಿಗೆ ಹೂಳುವಳು. ಬೆಳಗಾಗುವಷ್ಟರಲ್ಲಿ ಕಾಳು ಬೆಣ್ಣೆಯ ಹಾಗೆ ಬೆಂದಿರುತ್ತಿತ್ತು. ಮೇಲೆ ಅಗಸೆ ಎಣ್ಣೆ, ಜೀರಿಗೆ, ನಿಂಬೆ ಹುಳಿ. ದೂರದ ಝುವೈಲಾ ಊರಬಾಗಿಲಿನಿಂದಲೂ ಜನ ಬಟ್ಟಲು ಹಿಡಿದು ಬರುತ್ತಿದ್ದರು. ಗಂಡ ಖಲೀಲ್ ಬಿಲ್ಲಿಗೆ ಹೆದೆ ಹೊಸೆಯುವವನು. ಅವನ ಅಪ್ಪ ಬೆಟ್ಟದಿಂದ ಮಾರಾಟವಾಗಿ ಬಂದು ಸವಾರರ ಮೇಲೆ ಯಜಮಾನನಾಗಿದ್ದ ಮನುಷ್ಯ. ಆ ಅಪ್ಪನ ಕತ್ತಿ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು, ಖಲೀಲ್ ಅದರ ಕೆಳಗೆ ಕೂತು ಹೆದೆ ಹೊಸೆಯುತ್ತಿದ್ದ. ಪಾಪ, ಆ ಕತ್ತಿಯನ್ನು ನೋಡಿ ನೋಡಿಯೇ ಅವನ ತಲೆ ಕೆಟ್ಟಿತು ಅಂತ ನನ್ನ ಲೆಕ್ಕ.

ಇವರಿಗೆ ಒಬ್ಬನೇ ಮಗ, ಇದ್ರೀಸ್. ನಮ್ಮಲ್ಲಿ ಹೆಂಗಸನ್ನು ಮಗನ ಹೆಸರು ಹಿಡಿದೇ ಕರೆಯುವುದು, ಹಾಗಾಗಿ ಅವಳು ಓಣಿಗೆಲ್ಲ 'ಇದ್ರೀಸನಮ್ಮ'. ಹುಡುಗ ತಾತನ ಹಾಗೆ ಕೆಂಪು ಕೂದಲು, ಬೂದುಗಣ್ಣು. ತಾತ ಬದುಕಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಬೆಟ್ಟದ ಮಾತು ಕಲಿಸಿದ್ದ. ಖಲೀಲನಿಗೆ ಅಷ್ಟು ಸಾಕಾಯಿತು.

"ನೋಡೇ, ನನ್ನಪ್ಪ ಮಾರಾಟವಾದ, ದೊಡ್ಡೋನಾದ. ನಾನು ಹುಟ್ಟಿದೆ, ಹೆದೆ ಹೊಸೀತಾ ಇದೀನಿ. ನಿನ್ನ ಮಗ ಏನಾಗ್ಬೇಕು? ನಿನ್ನ ಪಕ್ಕ ಕೂತು ಕಾಳು ಬಡಿಸ್ಬೇಕಾ?" ಅಂದನಂತೆ.

"ಬಡಿಸಿದ್ರೆ ಏನೀಗ? ಹೊಟ್ಟೆ ತುಂಬತ್ತಲ್ಲ."

"ಹೊಟ್ಟೆ ನಾಯಿಗೂ ತುಂಬತ್ತೆ. ಖ್ವಾಜಾ ಸಿರಾಜ್ ಜೊತೆ ಮಾತಾಡಿದೀನಿ. ಡಮಾಸ್ಕಸ್‌ಗೆ ಕರ್ಕೊಂಡು ಹೋಗಿ, ಬೆಟ್ಟದ ಹುಡುಗರ ಜೊತೆ ಒಂದಷ್ಟು ಕಾಲ ಬಿಟ್ಟು, ಅವರ ಗುಂಪಲ್ಲೇ ಕೋಟೆಗೆ ಮಾರ್ತಾನೆ. ಯಾರಿಗೂ ಗೊತ್ತಾಗಲ್ಲ."

ಖ್ವಾಜಾ ಸಿರಾಜ್ ಅಂದರೆ ಹುಡುಗರ ವ್ಯಾಪಾರಿ. ಇಂಥ ಕೆಲಸದಲ್ಲಿ ಪಳಗಿದವನು.

ಸುತೈತಾ ಬಾಯಿ ಬಡಿದುಕೊಂಡು ಅತ್ತಿರಬೇಕು, ಗಂಡನ ಕಾಲು ಹಿಡಿದಿರಬೇಕು ಅಂತ ನೀವು ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಅವಳೇ ಹೇಳಿದಳು: "ಇಲ್ಲ ಕಣೇ. ಒಂದು ದಿನ ಅತ್ತೆ. ಮಾರನೇ ದಿನ ಅವನನ್ನ ಕುದುರೆ ಮೇಲೆ ನೆನೆಸ್ಕೊಂಡೆ. ಹಳದಿ ರೇಷ್ಮೆ, ಮುಂದೆ ನಗಾರಿ. ನನಗೂ ಆಸೆ ಆಯ್ತು."

ಆಮೇಲೆ ಗಂಡ ಹೆಂಡತಿ ಸೇರಿ ಮಗುವಿಗೆ ಪಾಠ ಹೇಳಿಕೊಟ್ಟರು. ಇವಳು ಎದುರು ಕೂತು, "ನಿನ್ನ ತಾಯಿ ಯಾರು?" ಅಂತ ಕೇಳುವುದು. "ಗೊತ್ತಿಲ್ಲ" ಅಂದರೆ ಕೈಗೊಂದು ಖರ್ಜೂರ. "ನೀನು" ಅಂದರೆ ಖಲೀಲನ ಬೆತ್ತ. ಮೊದಮೊದಲು ಹುಡುಗ ಆಟ ಅಂದುಕೊಂಡು ಬೇಕೆಂದೇ "ನೀನು, ನೀನು" ಅಂತ ನಗುತ್ತಾ ಏಟು ತಿಂದನಂತೆ. ಆಮೇಲೆ ನಗುವುದನ್ನು ಬಿಟ್ಟ. ಕೊನೆಕೊನೆಗೆ ಎಂಥ ಚೆಂದ ಕಲಿತನೆಂದರೆ ಖರ್ಜೂರ ಕೊಟ್ಟರೂ ಬೇಡ ಅಂದನಂತೆ. ಹೆತ್ತವರು ಮಾಡುವ ಕೆಲಸವೇ ಇದು? ಥೂ! ಈಗ ಹೇಳುವಾಗಲೂ ನನ್ನ ಮೈ ಉರಿಯುತ್ತದೆ.

ಓಣಿಗೆ ಹೇಳಿದ ಕತೆ ಬೇರೆ. ಹುಡುಗ ಹಳ್ಳಿಯಲ್ಲಿ ಅತ್ತೆಯ ಮನೆಗೆ ಹೋಗಿದ್ದ, ಅಲ್ಲಿ ಪಿಡುಗಿನಲ್ಲಿ ಸತ್ತ, ಅಲ್ಲೇ ಮಣ್ಣು ಮಾಡಿದರು. ನಾವೆಲ್ಲ ನಂಬಿದೆವು. ಪಿಡುಗು ಯಾರ ಮನೆಗೆ ಬಂದಿರಲಿಲ್ಲ? ಓಣಿಯ ಹೆಂಗಸರು ಅವಳ ಬಾಗಿಲಲ್ಲಿ ಕೂತು ಎದೆ ಬಡಿದುಕೊಂಡು ಅತ್ತೆವು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನಾನು ಮಸೂರದ ಸಾರು ಮಾಡಿ ಹೊತ್ತುಕೊಂಡು ಹೋಗಿ, "ಎರಡು ತುತ್ತು ತಿನ್ನು ತಾಯಿ" ಅಂತ ಬಾಯಿಗಿಟ್ಟೆ. ಅವಳು ತಲೆಯೆತ್ತದೆ ತಿಂದಳು. ಅವತ್ತಿನಿಂದ ಅವಳೆದುರು ಸತ್ತ ಮಗನ ಹೆಸರು ಎತ್ತಬಾರದೆಂದು ನಾವೆಲ್ಲ 'ಇದ್ರೀಸನಮ್ಮ' ಅನ್ನುವುದನ್ನು ಬಿಟ್ಟೆವು. 'ಕಾಳಿನ ಸುತೈತಾ' ಆದಳು. ಖಲೀಲನೂ ಬಹಳ ದಿನ ಉಳಿಯಲಿಲ್ಲ. ಮುಂದಿನ ಪಿಡುಗಿನಲ್ಲಿ ಅವನೂ ಹೋದ, ಮಗನ ಕುದುರೆ ನೋಡುವ ಭಾಗ್ಯ ಅವನಿಗಿರಲಿಲ್ಲ.

ನನಗೆ ಗುಟ್ಟು ಗೊತ್ತಾಗಿದ್ದು ಹಮ್ಮಾಮಿನಲ್ಲಿ. ಆ ದಿನ ಅವಳ ಬೆನ್ನುಜ್ಜುತ್ತಿದ್ದೆ. ಹೊರಗೆ ಬೀದಿಯಲ್ಲಿ ನಗಾರಿ, ತುತ್ತೂರಿ. ಹೊಸದಾಗಿ ಒಬ್ಬ ಅಮೀರನಾಗಿದ್ದ, ಅವನ ಮೆರವಣಿಗೆ. ನೀರು ಹಾಕುವವಳು ಕಿಟಕಿಗೆ ಹತ್ತಿ, "ಅಬ್ಬಾ, ಅಮೀರ ಅಜ್ದಮುರ್ ಕಣ್ರೇ! ಎಂಥ ಗಂಡು! ಕೆಂಪು ಗಡ್ಡ!" ಅಂತ ಕೂಗಿದಳು. ನನ್ನ ಕೈಕೆಳಗೆ ಸುತೈತಾಳ ಬೆನ್ನು ನಡುಗತೊಡಗಿತು.

"ಏನಾಯ್ತೇ? ನೀರು ಬಿಸಿಯಾಯ್ತಾ?"

"ನನ್ನ ಮಗ ಕಣೇ ಅವನು. ಮಾರೋವಾಗ ಸಿರಾಜ್ ಇಟ್ಟ ಹೆಸರು ಅದು," ಅಂದಳು. ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದಳು. ನಾನು ಮೊದಲು ಮಾಡಿದ್ದೇನು ಗೊತ್ತೇ? ಉಜ್ಜುವ ಬಟ್ಟೆಯಿಂದಲೇ ಒಂದು ಬಾರಿಸಿದೆ.

"ಬದುಕಿರೋ ಮಗನ ಹೆಸರಲ್ಲಿ ನನ್ನ ಕೈಲಿ ಸಾವಿನ ಸಾರು ತಿಂದ್ಯಲ್ಲೇ!"

"ತಿಂದೆ. ಇವತ್ತಿಗೂ ಗಂಟಲಲ್ಲೇ ಇದೆ," ಅಂದಳು.

ಆಮೇಲೆ ಇನ್ನೇನು ಮಾಡಲಿ, ಜೊತೆಯಲ್ಲಿ ಕೂತು ಅತ್ತೆ. ಅವತ್ತಿನಿಂದ ಇಬ್ಬರೇ ಇದ್ದಾಗ ಅವಳನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದೆ. ಮೆರವಣಿಗೆ ಬಂದಾಗಲೆಲ್ಲ ಇಬ್ಬರೂ ಮುಸುಕೆಳೆದುಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆವು. ಅವನು ದೊಡ್ಡವನಾಗುತ್ತಾ ಹೋದ. ಹತ್ತು ಸವಾರರ ಯಜಮಾನನಾದವನು ನೂರು ಸವಾರರ ಅಮೀರನಾದ. ಒಂದು ಸಲವೂ ಅವನು ನಮ್ಮ ಕಡೆ ತಿರುಗಿ ನೋಡಲಿಲ್ಲ. "ನಾನೇ ಕಲಿಸಿದ್ದಲ್ವಾ, ಚೆನ್ನಾಗಿ ಕಲ್ತಿದಾನೆ," ಅನ್ನುವಳು. ಅವನ ಬಾಗಿಲಿಗೆ ಹೋಗೋಣ, ಹೇಗಾದರೂ ಒಂದು ಮಾತು ಮುಟ್ಟಿಸೋಣ ಅಂತ ನಾನಂದರೆ ಕಣ್ಣು ಕೆಂಪಗೆ ಮಾಡುವಳು. ಇಲ್ಲೇ ಹುಟ್ಟಿದವನು ಕೊಂಡ ಹುಡುಗನಂತೆ ನಟಿಸಿ ಕೋಟೆ ಹೊಕ್ಕ ಅಂತ ಗೊತ್ತಾದರೆ ಬರೀ ಕೆಳಗಿಳಿಸಿ ಬಿಡುವುದಿಲ್ಲ, ತಲೆ ತೆಗೆಯುತ್ತಾರೆ.

ಮುದಿ ಸುಲ್ತಾನ ಕಣ್ಣು ಮುಚ್ಚಿದಾಗ ಮುಂದಿನವನು ಅಜ್ದಮುರ್ ಅಂತಲೇ ಊರೆಲ್ಲ ಅನ್ನುತ್ತಿತ್ತು. ಅಡ್ಡ ಬಂದವನು ಕುದುರೆಲಾಯದ ಅಮೀರ ಸೂದೂನ್. ಅವನಿಗೂ ಆ ಗಾದಿಯ ಮೇಲೇ ಕಣ್ಣು. ನಮ್ಮ ಅಮೀರರಲ್ಲಿ ಒಂದು ಪದ್ಧತಿ ಇದೆ. ಕೈಗೆ ಅಧಿಕಾರ ಬಂದ ಕೂಡಲೇ ವ್ಯಾಪಾರಿಗಳನ್ನು ಬೆಟ್ಟಕ್ಕೆ ಕಳಿಸಿ ತಾಯಿಯನ್ನೋ ಅಕ್ಕತಂಗಿಯರನ್ನೋ ಹುಡುಕಿಸಿ ಕರೆಸಿಕೊಳ್ಳುತ್ತಾರೆ. ಮುದುಕಿ ಬಂದಳೆಂದರೆ ಮಗ ಊರಾಚೆ ಹೋಗಿ ಕುದುರೆಯಿಂದಿಳಿದು ಅವಳ ಕೈಗೆ ಮುತ್ತಿಡುತ್ತಾನೆ, ಊರೇ ನೋಡಲು ಹೋಗುತ್ತದೆ. ಅಜ್ದಮುರ್ ಯಾರನ್ನೂ ಕರೆಸಿರಲಿಲ್ಲ. "ಇವನ ತಾಯಿ ಎಲ್ಲಿ?" ಅಂತ ಸೂದೂನ್ ಎಲ್ಲರನ್ನೂ ಕೇಳತೊಡಗಿದ. ಕೇಳುತ್ತಾ ಕೇಳುತ್ತಾ ಖ್ವಾಜಾ ಸಿರಾಜನ ಮುದಿ ಆಳೊಬ್ಬ ಸಿಕ್ಕಿದ. ಕುಡಿದ ಮತ್ತಿನಲ್ಲಿ ಅವನು ನಮ್ಮ ಓಣಿಯ ಹೆಸರನ್ನೂ ಇದ್ರೀಸನ ಹೆಸರನ್ನೂ ಹೇಳಿಬಿಟ್ಟ.

ಬೆಳಿಗ್ಗೆ ಕಾಳಿನ ಹೊತ್ತು. ಜನ ಬಟ್ಟಲು ಹಿಡಿದು ನಿಂತಿದ್ದರು. ನಾನೂ ನಿಂತಿದ್ದೆ. ಓಣಿಯ ಬಾಯಿಗೆ ಕುದುರೆಗಳು ಬಂದವು. ಮುಂದೆ ಸೂದೂನ್, ಅವನ ಹಿಂದೆ ಖಾಜಿಯ ಕಡೆಯ ಇಬ್ಬರು ಸಾಕ್ಷಿಗಳು, ಆಮೇಲೆ ಬೇರೆ ಅಮೀರರು. ಅವರ ನಡುವೆ ಅಜ್ದಮುರ್. ತನಗೇನೂ ಭಯವಿಲ್ಲ ಎಂದು ತೋರಿಸಿಕೊಳ್ಳಲು ತಾನೇ ಬಂದಿದ್ದನಂತೆ.

"ಈ ಓಣೀಲಿ ಇದ್ರೀಸ್ ಅಂತ ಹುಡುಗ ಇದ್ದನಂತೆ. ಅವನ ತಾಯಿ ಯಾರು?" ಅಂದ ಸೂದೂನ್.

ಎಲ್ಲರ ಕಣ್ಣೂ ಸುತೈತಾಳ ಕಡೆ ಹೋಯಿತು.

"ಆ ಮಗು ಪಿಡುಗಲ್ಲಿ ಸತ್ತೋಯ್ತು ದೊರೆ. ನಾವೇ ಅತ್ತಿದೀವಿ," ಅಂದೆ. ಹಿಂದಿನಿಂದ ನಾಲ್ಕಾರು ಹೆಂಗಸರು "ಹೌದು ದೊರೆ, ಹೌದು" ಅಂದರು. ಅವರು ನಿಜವೆಂದೇ ನಂಬಿ ಹೇಳಿದ್ದು.

"ನೀನು ಹೇಳು ಮುದುಕಿ. ಈತ ನಿನ್ನ ಮಗನಾ?"

ಸುತೈತಾ ಸೌಟು ಹಿಡಿದೇ ತಲೆಯೆತ್ತಿ ಅಜ್ದಮುರನನ್ನು ನೋಡಿದಳು. ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. "ಅಲ್ಲ ದೊರೆ. ಆಣೆಯಿಟ್ಟು ಹೇಳ್ತೀನಿ," ಅಂದಳು.

"ಆಣೆ ಬೇಡ. ಮಗ ಉಳೀತಾನೆ ಅಂದ್ರೆ ತಾಯಿ ಸಾವಿರ ಸುಳ್ಳಾಣೆ ಇಡ್ತಾಳೆ. ಶಾಪ ಹಾಕು ಅವನಿಗೆ."

ತಾಯಿಯ ಶಾಪ ಅಂದರೆ ನಮ್ಮಲ್ಲಿ ಹುಡುಗಾಟವಲ್ಲ. ಹೆತ್ತವಳು ಮಗನ ಮೇಲೆ ಆಡಿದ ಮಾತಿಗೆ ಆಕಾಶದ ಬಾಗಿಲು ಮುಚ್ಚಿರುವುದಿಲ್ಲ, ನೆಟ್ಟಗೆ ಹೋಗಿ ಮುಟ್ಟುತ್ತದೆ. ಅದಕ್ಕೇ ನಮ್ಮ ಹೆಂಗಸರು ಎಷ್ಟೇ ಸಿಟ್ಟು ಬಂದರೂ "ನಿನ್ನ ಶತ್ರು ಹಾಳಾಗ" ಅನ್ನುತ್ತಾರೆಯೇ ಹೊರತು ಮಗನನ್ನು ಅನ್ನುವುದಿಲ್ಲ. ಸೂದೂನ್ ಬೆಟ್ಟದವನಾದರೂ ಇಷ್ಟು ಕಲಿತುಕೊಂಡಿದ್ದ, ಹಾಳಾದವನು.

"ನಾನು ಹೇಳಿದ ಹಾಗೆ ಹೇಳು," ಅಂದ. "ಅಲ್ಲಾಹು ನಿನ್ನ ಕತ್ತು ಮುರೀಲಿ, ನಿನ್ನ ಹೆಣ ಎತ್ತೋಕೆ ನಿನ್ನೋರು ಅಂತ ಒಬ್ರೂ ಇಲ್ದೆ ಹೋಗ್ಲಿ. ಹೇಳು!"

ಅವಳ ತುಟಿ ಅಲುಗಿತು. ಮಾತು ಹೊರಗೆ ಬಂತು, ಆದರೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಸಾಕ್ಷಿಗಳು ಮುಖ ಮುಖ ನೋಡಿಕೊಂಡರು. ಸೂದೂನನ ಮುಖ ಅರಳತೊಡಗಿತು.

ಆಗ ಅಜ್ದಮುರ್ ಬಾಯಿಬಿಟ್ಟ. ಕೋಟೆಯವರು ನಮ್ಮ ಅರಬ್ಬಿಯನ್ನು ಒರಟು ಒರಟಾಗಿ, ಅರ್ಧ ನುಂಗಿ ಆಡುತ್ತಾರಲ್ಲ, ಹಾಗೆಯೇ ಆಡಿದ. "ಏಯ್ ಮುದ್ಕಿ, ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ. ಗಟ್ಯಾಗಿ ಹೇಳು, ನಿನ್ನ ಕಾಳು ಕೂಗಿ ಮಾರ್ತೀಯಲ್ಲ, ಹಂಗೆ!"

ಹಿಂದಿದ್ದ ಸವಾರರು ಗೊಳ್ಳೆಂದು ನಕ್ಕರು. ಓಣಿಯವರೂ ನಕ್ಕರು. ಸುತೈತಾಳ ಮುಖಕ್ಕೆ ರಕ್ತ ನುಗ್ಗಿತು. ಸೌಟನ್ನು ಗಡಿಗೆಗೆ ಎಸೆದು, ಸೊಂಟಕ್ಕೆ ಕೈಯಿಟ್ಟು, ಓಣಿಯ ಕೊನೆಯವರೆಗೂ ಕೇಳುವ ಹಾಗೆ ಕಿರುಚಿದಳು: "ಅಲ್ಲಾಹು ನಿನ್ನ ಕತ್ತು ಮುರೀಲಿ! ನಿನ್ನ ಹೆಣ ಎತ್ತೋಕೆ ನಿನ್ನೋರು ಅಂತ ಒಬ್ರೂ ಇಲ್ದೆ ಹೋಗ್ಲಿ!"

ಸಾಕ್ಷಿಗಳು ತಲೆಯಾಡಿಸಿದರು. ಅಮೀರರು ಕುದುರೆ ತಿರುಗಿಸಿದರು. ಸೂದೂನನಿಗೆ ಮುಖ ಎತ್ತುವುದಕ್ಕಾಗಲಿಲ್ಲ. ಆ ವಾರವೇ ಅಜ್ದಮುರ್ ಸುಲ್ತಾನನಾದ.

ಅವಳ ಪಾಡು ಕೇಳಬೇಡಿ. ಸುಲ್ತಾನನಿಗೆ ಎದುರಿಗೇ ಶಾಪ ಹಾಕಿಯೂ ತಲೆ ಉಳಿಸಿಕೊಂಡವಳು ಅಂತ ಹೆಸರಾದಳು. ಕಾಳಿಗೆ ಬಂದ ಗಿರಾಕಿಗಳಿಗೆ ಅದೇ ತಮಾಷೆ. "ಸುತೈತಾ, ನನ್ನ ಅಳಿಯನಿಗೂ ಒಂದು ಹಾಕೇ, ಅವನೂ ಸುಲ್ತಾನ ಆಗ್ಲಿ!" ಅಂತ ಒಬ್ಬ. "ನನಗೆ ಬೇಡಮ್ಮ, ಎಣ್ಣೆ ಹಾಕು ಸಾಕು!" ಅಂತ ಇನ್ನೊಬ್ಬ. ಅವಳು ತಲೆ ತಗ್ಗಿಸಿಕೊಂಡೇ ಬಡಿಸುವಳು. ಶುಕ್ರವಾರ ಮಸೀದಿಯಲ್ಲಿ ಹೊಸ ಸುಲ್ತಾನನ ಹೆಸರಲ್ಲಿ ದುವಾ ಮಾಡುವಾಗ ಕಿವಿ ಮುಚ್ಚಿಕೊಳ್ಳುವಳು. ಸಯ್ಯಿದಾ ನಫೀಸಾ ಅಮ್ಮನ ದರ್ಗಾಕ್ಕೆ ಮೇಲಿಂದ ಮೇಲೆ ಹೋಗುತ್ತಿದ್ದಳು, ಶಾಪ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ. ನಾನು ರೇಗಿದೆ.

"ಅಲ್ವೇ ಇದ್ರೀಸನಮ್ಮ, ಅಲ್ಲಿನ ಶೇಖ್ ಸಾಹೇಬರನ್ನ ನಾನೇ ಕೇಳಿದೆ. ಒಬ್ಬ ತಾಯಿ ಮನಸ್ಸಿಲ್ದೆ ಆಡಿದ ಮಾತು ಲೆಕ್ಕಕ್ಕಿಲ್ಲ ಅಂದ್ರು. ನೀನು ಅವನ ಜೀವ ಉಳಿಸೋಕೆ ಆಡಿದ್ದು. ಇನ್ನೇನು ಬೇಕು ನಿನಗೆ?"

ಅವಳು ನನ್ನ ಮುಖ ನೋಡದೆ ಹೇಳಿದಳು: "ಮೊದಲನೇ ಸಲ ಮನಸ್ಸಿಲ್ದೇನೇ ಆಡಿದೆ. ಅವನು ಗಟ್ಯಾಗಿ ಹೇಳು ಅಂದ್ನಲ್ಲ, ಎಲ್ರೂ ನಕ್ಕರಲ್ಲ, ಆಗ ನನಗೆ ಸಿಟ್ಟು ಬಂತು ಕಣೇ. ನನ್ನ ಮಗ ನನ್ನ ಕಾಳನ್ನ ಆಡ್ಕೊಂಡು ನಗ್ತಿದಾನೆ ಅಂತ. ಎರಡನೇದು ನಾನು ನಿಜವಾಗ್ಲೂ ಹಾಕಿದ್ದು."

ಅವನು ಹಾಗೆ ಕೂಗಿಸದೆ ಇದ್ದಿದ್ದರೆ ಇಬ್ಬರ ತಲೆಯೂ ಹೋಗುತ್ತಿತ್ತು, ಅದನ್ನು ತಿಳಿದೇ ಅವನು ಕೂಗಿಸಿದ ಅಂತ ಸಮಾಧಾನ ಹೇಳಿದೆ. "ಇರಬಹುದು. ಅದು ಅವನ ಮನಸ್ಸಿನ ಮಾತು. ನನ್ನ ಮನಸ್ಸಲ್ಲಿ ಏನಿತ್ತು ಅಂತ ನನಗೆ ಗೊತ್ತಲ್ಲ," ಅಂದಳು. ಅವತ್ತಿನಿಂದ ಅವಳು ಕಾಳು ಕೂಗಿ ಮಾರುವುದನ್ನು ಬಿಟ್ಟಳು.

ಸುಲ್ತಾನ ಅಜ್ದಮುರ್ ಒಳ್ಳೆಯವನೋ ಕೆಟ್ಟವನೋ ಹೇಳುವಷ್ಟು ಕಾಲ ಆಳಲಿಲ್ಲ. ಮುಂದಿನ ನೈಲ್ ಪ್ರವಾಹ ಬರುವುದರೊಳಗೆ ಅವನ ಜೊತೆಯಲ್ಲೇ ಕೋಟೆಯಲ್ಲಿ ಬೆಳೆದವರೇ ಅವನ ಕತ್ತು ಹಿಚುಕಿದರು. ಸೂದೂನ್ ಗಾದಿಗೆ ಬಂದ. ಹೆಣವನ್ನು ಕೋಟೆಯ ಕೆಳಗಿನ ಮೈದಾನದಲ್ಲಿ, ಕುದುರೆಸಂತೆಯ ಪಕ್ಕದಲ್ಲಿ, ಒಂದು ಹರಕು ಚಾಪೆಯ ಮೇಲೆ ಎಸೆದಿದ್ದರು. ಇಳಿದ ಸುಲ್ತಾನರಿಗೆಲ್ಲ ಹೀಗೇ. ಆದರೆ ಬೇರೆಯವರಿಗೆ ಬೆಟ್ಟದಿಂದ ಬಂದ ತಾಯಿಯೋ ತಂಗಿಯೋ ಇರುತ್ತಾಳೆ, ಅತ್ತು ಕರೆದು ಹೆಣ ಕೊಂಡೊಯ್ಯುತ್ತಾಳೆ. ಇವನಿಗೆ ಯಾರೂ ಬರಲಿಲ್ಲ. ಅವನು ಕೊಂಡು, ಬಿಡುಗಡೆ ಮಾಡಿ ಸಾಕಿದ ಸವಾರರೆಲ್ಲ ಅಡಗಿಕೊಂಡಿದ್ದರು.

ಸುದ್ದಿ ತಂದವಳು ನಾನೇ. ಸುತೈತಾ ಗಡಿಗೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ನಡೆದಳು. ನಾನು ಹಿಂದೆ ಓಡಿದೆ. ಮೈದಾನದಲ್ಲಿ ಜನ ಮೂಗು ಮುಚ್ಚಿಕೊಂಡು ದೂರ ನಿಂತು ನೋಡುತ್ತಿದ್ದರು. ಕಾವಲಿಗೆ ಒಬ್ಬ ಮುದಿ ಸೈನಿಕ ಕಲ್ಲಿನ ಮೇಲೆ ಕೂತು ಈರುಳ್ಳಿ ರೊಟ್ಟಿ ತಿನ್ನುತ್ತಿದ್ದ.

"ಈ ಹೆಣ ನನಗೆ ಕೊಡು," ಅಂದಳು.

"ಏನಾಗ್ಬೇಕು ನಿನಗೆ?"

"ಮಗ. ನಾನು ಇವನ ತಾಯಿ."

ಈಗ ಹೇಳಿದರೆ ಯಾರಿಗೂ ಏನೂ ಆಗುವಂತಿರಲಿಲ್ಲ. ಇಷ್ಟು ವರ್ಷ ಬಿಗಿಹಿಡಿದಿದ್ದ ಮಾತನ್ನು ಅವಳು ಕೊನೆಗೂ ಬೀದಿಯಲ್ಲಿ ನಿಂತು ಆಡಿದಳು. ಗುಂಪಿನಲ್ಲಿದ್ದ ಯಾರೋ, "ಏ, ಇವಳು ಶಾಪ ಹಾಕಿದ ಕಾಳಿನವಳಲ್ವಾ?" ಅಂದ. ಎಲ್ಲರೂ ನಗತೊಡಗಿದರು.

"ಹೌದು ಕಣ್ರೋ, ಅವಳೇ ತಾಯಿ! ನಾನು ಬಲ್ಲೆ!" ಅಂತ ನಾನು ಗಂಟಲು ಹರಿಯುವ ಹಾಗೆ ಕೂಗಿದೆ. "ನೀನೇ ಅಲ್ವೇನಮ್ಮ ಅವತ್ತು ಆ ಮಗು ಸತ್ತೋಯ್ತು ಅಂತ ಸಾಕ್ಷಿ ಹೇಳಿದ್ದು?" ಅಂದಿತು ಇನ್ನೊಂದು ಬಾಯಿ.

ಮುದಿ ಸೈನಿಕ ಮಾತ್ರ ನಗಲಿಲ್ಲ. ರೊಟ್ಟಿ ಪಕ್ಕಕ್ಕಿಟ್ಟು ಎದ್ದು ನಿಂತ. "ಸುಮ್ನಿರ್ರೋ," ಅಂದ. ಆಮೇಲೆ ಅವಳ ಕಡೆ ತಿರುಗಿ, "ಅರ್ಥವಾಯ್ತು ತಾಯಿ. ನಿನ್ನ ಶಾಪ ತಟ್ಟಿತು ಅಂತ ಮನಸ್ಸಿಗೆ ಹತ್ತಿದೆ, ಅದಕ್ಕೇ ಸುಳ್ಳು ಹೇಳಿಯಾದ್ರೂ ಮಣ್ಣು ಮಾಡೋಣ ಅಂತ ಬಂದಿದೀಯ. ತಗೊಂಡ್ಹೋಗು. ನೀನೇ ಶಾಪ ಹಾಕಿದವನಿಗೂ ಮಣ್ಣು ಕೊಡೋ ಪುಣ್ಯಾತ್ಗಿತ್ತಿ ನೀನು," ಅಂದ.

ನಗುತ್ತಿದ್ದವರು ಆ ಮಾತು ಕೇಳಿ ನಾಚಿದರು. ಕೈಜೋಡಿಸಲು ಮುಂದೆ ಬಂದರು. ಒಬ್ಬ ಹಲಗೆ ತಂದ, ಒಬ್ಬ ಬಿಳಿ ಬಟ್ಟೆ ತಂದ. ದಾರಿಯುದ್ದಕ್ಕೂ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಎಂಥ ದೊಡ್ಡ ಮನಸ್ಸು, ಇಂಥವರಿಂದಲೇ ಮಳೆ ಬೆಳೆ, ಹಾಗೆ ಹೀಗೆ. ಒಂದೊಂದು ಹೊಗಳಿಕೆಗೂ ಅವಳ ತಲೆ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಗಂಡಸರು ಹೆಣ ತೊಳೆಯುವಾಗ ಅವಳನ್ನು ಹತ್ತಿರ ಬಿಡಲಿಲ್ಲ, ಪರಕೀಯ ಹೆಂಗಸು ಅಂತ.

ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದ ಮೇಲೆ ಓದುವ ಮುಲ್ಲಾ ತಲೆಯ ಕಡೆ ಕೂತ. ಗೋರಿಯೊಳಗೆ ದೇವದೂತರು ಬಂದು ಪ್ರಶ್ನೆ ಕೇಳುತ್ತಾರೆ, ಏನು ಉತ್ತರ ಹೇಳಬೇಕೆಂದು ಸತ್ತವನಿಗೆ ನೆನಪಿಸುವ ಪದ್ಧತಿ. ಅಲ್ಲಿ ಅಪ್ಪನ ಹೆಸರು ನಡೆಯುವುದಿಲ್ಲ, ತಾಯಿಯ ಹೆಸರು ಹಿಡಿದೇ ಕರೆಯಬೇಕು.

"ಇವರ ತಾಯಿ ಹೆಸರೇನು? ಯಾರಿಗಾದ್ರೂ ಗೊತ್ತಾ?" ಅಂತ ಮುಲ್ಲಾ ಸುತ್ತ ನೋಡಿದ.

"ಸುತೈತಾ," ಅಂದಳು ಅವಳು.

"ಅದು ನಿನ್ನ ಹೆಸರಲ್ವಾ ತಾಯಿ?"

"ಹೌದು. ಇವನು ಇದ್ರೀಸ್. ಸುತೈತಾಳ ಮಗ ಇದ್ರೀಸ್. ಹಾಗೆ ಕರೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮುಲ್ಲಾ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. "ನಿನ್ನ ಪುಣ್ಯ ದೊಡ್ಡದು ತಾಯಿ. ಆದ್ರೆ ಸತ್ತವರ ಕಿವೀಲಿ ಸುಳ್ಳು ಹೇಳೋ ಹಾಗಿಲ್ಲ. ತಪ್ಪು ಹೆಸರು ಕರೆದ್ರೆ ಅವರು ಓಗೊಡೋದು ಹೇಗೆ?" ಅಂದ. ತಾಯಿ ಯಾರೆಂದು ಗೊತ್ತಿಲ್ಲದವರಿಗೆ ಎಲ್ಲರಿಗೂ ಮೂಲತಾಯಿಯಾದ ಹವ್ವಾಳ ಹೆಸರು ಹಾಕುವುದು ವಾಡಿಕೆ. ಅವನು ಬಗ್ಗಿ, ಮಣ್ಣಿನ ಹತ್ತಿರ ಬಾಯಿಟ್ಟು, ಗಟ್ಟಿಯಾಗಿ ಕರೆದ:

"ಹವ್ವಾಳ ಮಗ ಅಜ್ದಮುರ್, ಕೇಳಿಸ್ಕೋ."